ಕ್ಲಬ್ಬಿನ ಬಾಲ್ಕನಿಯಲ್ಲಿ ಅಪ್ಪ

ಹಳೆಯ ಸುಣ್ಣದ ಗಾರೆಗೆ ನೀರು ಬಿದ್ದ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ಗಜೇಂದ್ರಗಡದ ಕ್ಲಬ್ಬಿನ ಹಿಂದಿನ ಎರಡು ಖೋಲಿಗಳ ನಮ್ಮ ಮನೆಯಲ್ಲಿರುತ್ತೇನೆ. ಅಪ್ಪ ಆ ಕ್ಲಬ್ಬಿನ ಕಾವಲುಗಾರ. ಅವ್ವ ರೊಟ್ಟಿ ಬಡಿಯುವ ಸದ್ದು, ಗೋಡೆಯಾಚೆ ಬಿಲಿಯರ್ಡ್ಸ್ ಗುಂಡುಗಳು ತಾಗುವ ಸದ್ದು, ಇವೆರಡರ ನಡುವೆ ನನಗೆ ನಿದ್ದೆ ಹತ್ತುತ್ತಿತ್ತು. ಅಂಥ ಕಟ್ಟಡ ಸುತ್ತಮುತ್ತ ಇನ್ನೊಂದಿರಲಿಲ್ಲ. ವಿಕ್ಟೋರಿಯಾ ರಾಣಿಯ ಕೊನೆಗಾಲದಲ್ಲಿ ನಮ್ಮೂರ ಅರಳೆ ಸಾಹುಕಾರರು ವಿಲಾಯತಿಯ ಗಿರಣಿ ಊರೊಂದರ ರಾಜಕೀಯ ಕ್ಲಬ್ಬಿನ ಚಿತ್ರ ತರಿಸಿ, ಹೀಗೇ ಕಟ್ಟು ಎಂದು ಗೌಂಡಿಯ ಕೈಗೆ ಕೊಟ್ಟಿದ್ದರಂತೆ. ಕೆಂಪು ಇಟ್ಟಿಗೆ, ಕಮಾನಿನ ಕಿಟಕಿಗಳು, ನೆತ್ತಿಯಲ್ಲಿ ಗಡಿಯಾರವನ್ನೇ ಕಾಣದ ಗಡಿಯಾರದ ಗೂಡು, ಅದರ ಕೆಳಗೆ ಕಲ್ಲಿನ ಬಾಲ್ಕನಿ. ಅಲ್ಲಿ ವಿಲಾಯತಿಯಲ್ಲಿ ಪಕ್ಷದ ಮುಖಂಡರು ಅಂಥ ಬಾಲ್ಕನಿಯಲ್ಲಿ ನಿಂತೇ ಗಿರಣಿಯ ಜನಕ್ಕೆ ಭಾಷಣ ಬಿಗಿಯುತ್ತಿದ್ದರಂತೆ. ನಮ್ಮಲ್ಲಿ ಹಾಗೆ ಭಾಷಣ ಮಾಡಿದವನು ಅಪ್ಪ ಒಬ್ಬನೇ. ನಾನು ಕಣ್ಣಾರೆ ಕಂಡಿದ್ದೆ: ಕೈ ಎತ್ತಿ ನಿಂತ ಅಪ್ಪ, ಕೆಳಗೆ ಚಪ್ಪಾಳೆ ತಟ್ಟುವ ಮಂದಿ, ಅವರ ನಡುವೆ ಲಂಗ ತೊಟ್ಟ ನಾನು. ಮರುವರ್ಷ ಅಪ್ಪ ತೀರಿಕೊಂಡ. ಅವನ ಮುಖ ಬೇರೆಲ್ಲ ಕಡೆ ಮಸುಕು, ಬಾಲ್ಕನಿಯಲ್ಲಿ ಮಾತ್ರ ನಿಚ್ಚಳ. ಏನು ಹೇಳಿದ ಎಂಬುದೊಂದೇ ನೆನಪಿಲ್ಲ. ತಂದೆಯ ಒಂದು ಮಾತೂ ಉಳಿಯಲಿಲ್ಲವಲ್ಲ ಎಂದು ಎಷ್ಟೋ ಸಲ ಕೊರಗಿದ್ದೇನೆ. ಎಳವೆಯಲ್ಲಿ ಕಳೆದುಕೊಂಡವರಿಗೆ ಈ ಕೊರಗು ಗೊತ್ತು.

ಹೋದ ತಿಂಗಳು ಕ್ಲಬ್ಬನ್ನು ಕೆಡವುತ್ತಾರೆಂದು ಕೇಳಿ ಹೋದೆ. ಸೂಡಿಯಿಂದ ಅಕ್ಕ ಶಾಂತವ್ವನೂ ಬಸ್ಸು ಹಿಡಿದು ಬಂದಿದ್ದಳು. ಛಾವಣಿ ಆಗಲೇ ಬಿದ್ದಿತ್ತು, ಧೂಳು ಏಳದಂತೆ ನೀರು ಹೊಡೆಯುತ್ತಿದ್ದರು. ಉಳಿದ ಮುಂಗೋಡೆಯನ್ನು ಒಳಗಿನಿಂದ ನೋಡಿದೆ. ಬಾಲ್ಕನಿ ಇರಬೇಕಾದ ಎತ್ತರದಲ್ಲಿ ಬಾಗಿಲೇ ಇಲ್ಲ, ಬರೀ ಗೋಡೆ. ಹೊರಗೆ ಬಂದರೆ ಬಾಲ್ಕನಿಯ ಹಿಂದೆ ಹಸಿರು ಬಾಗಿಲು ಇದೆ. ಮತ್ತೆ ಒಳಗೆ ಹೋದೆ, ಇಲ್ಲ. ಮಹಡಿ ಮೆಟ್ಟಿಲಿನ ಗುರುತೂ ಕಾಣಲಿಲ್ಲ. ನನ್ನ ತಲೆ ಕೆಟ್ಟುಹೋಯಿತು. ಅಪ್ಪ ಅಲ್ಲಿಗೆ ಹೋದದ್ದಾದರೂ ಹೇಗೆ? ಮಕ್ಕಳಿಗೆ ಅಷ್ಟು ಜಂಬದಿಂದ ಹೇಳಿದ್ದು ಬರೀ ಕನಸೇ? ಇದ್ದೊಬ್ಬ ಅಪ್ಪನೂ ಕೈಜಾರಿದ ಹಾಗಾಯಿತು.

"ಅದು ಬರೇ ತೋರಿಕಿ ಬಾಗಲ, ತಂಗಿ," ಅಂದಳು ಅಕ್ಕ. "ಚಿತ್ರದಾಗ ಬಾಗಲಾ ಮುಚ್ಚಿತ್ತಂತ. ಗೌಂಡಿನೂ ಮುಚ್ಚಿದ್ದನ್ನ ಮಾಡಿದ. ಒಳಗ ಏನೈತಿ ಅಂತ ಅಂವಗ ಹ್ಯಾಂಗ ಗೊತ್ತಾಗಬೇಕು?"

"ಮತ್ತ ಅಪ್ಪ ಭಾಷಣ ಮಾಡಿದ್ದು?"

"ಎಲ್ಲಿ ಭಾಷಣ. ಇಲೆಕ್ಷನ್ ಸಭಾಕ್ಕ ಪತಾಕಿ ಕಟ್ಟಾಕ ಏಣಿ ಹಚ್ಚಿ ಏರಿದ್ದ. ಆ ಏಣಿ ಯಾರೋ ಸ್ಪೀಕರ್ ಕಟ್ಟಾಕ ಒಯ್ದ್ರು. 'ಏಣಿ ತರ್ರಪಾ' ಅಂತ ಒದರಾಕತ್ತಿದ್ದ. ಮಂದಿ ಚಪ್ಪಾಳಿ ಹೊಡದು ನಗ್ಯಾಡಿದ್ರು. ನೀ ಒಬ್ಬಾಕಿ ಖರೇ ಭಾಷಣ ಅಂತ ತಿಳದು ಭಾಳ ಖುಷೀಲೆ ಚಪ್ಪಾಳಿ ಹೊಡೀತಿದ್ದಿ."

ಅಪ್ಪನನ್ನು ನೋಡಿ ನಕ್ಕವರ ಜೊತೆ ನಾನೂ ಇದ್ದೆನಲ್ಲ ಎಂದು ಸಂಕಟವಾಯಿತು. ಆಮೇಲೆ ಏನಾಯಿತು ಎಂದೆ.

"ಆಮ್ಯಾಲ ನೀ ಅವನ ಕಣ್ಣಿಗೆ ಬಿದ್ದಿ. ಒದರೂದು ನಿಲ್ಲಿಸಿಬಿಟ್ಟ. ಟೊಪಗಿ ಸರಿ ಮಾಡ್ಕೊಂಡು, ನಿನ್ನ ಕಡೆ ಕೈ ಎತ್ತಿ, ಏಣಿ ಬರೂತನಕ ನೆಟ್ಟಗ ನಿಂತಿದ್ದ."

ಸಂಜೆಯೊಳಗೆ ಆ ಗೋಡೆಯೂ ಬಿತ್ತು. ಮಕ್ಕಳಿಗೆ ಇನ್ನು ಯಾವುದನ್ನು ಹೇಳಬೇಕೋ ನನಗೆ ಈಗಲೂ ತಿಳಿದಿಲ್ಲ. ನಾನು ಯಾವ ಮಾತನ್ನೂ ಮರೆತಿರಲಿಲ್ಲ. ಅಪ್ಪ ನನಗಾಗಿ ಸುಮ್ಮನೆ ನಿಂತಿದ್ದ.