ಕೂಡಿಸು, ಬಿಡಿಸು, ಇರಲಿ

ನಮ್ಮ ಮೇಡಂಗೆ ಮೂಗಿನ ಮೇಲೊಂದು ಕನ್ನಡಕ, ನೆತ್ತಿಯ ಮೇಲೊಂದು ಕನ್ನಡಕ. ಒಂದು ಓದಲು, ಇನ್ನೊಂದು ದೂರ ನೋಡಲು ಎಂಬುದು ಕಣ್ಣಿನ ಡಾಕ್ಟರ ಅಭಿಪ್ರಾಯ. ಕಚೇರಿಯ ಅಭಿಪ್ರಾಯ ಬೇರೆ: ಒಂದು ಪರದೆಯ ಎಡಗಡೆಯ ರೋಗಿಗೆ, ಇನ್ನೊಂದು ಬಲಗಡೆಯ ರೋಗಿಗೆ. ಓದುವಾಗ ಅವರು ಮೌಸಿನ ಮೇಲೆ ಅಂಗೈಯನ್ನಷ್ಟೇ ಊರಿ, ತೋರುಬೆರಳನ್ನು ಮೇಲಕ್ಕೆತ್ತಿ ಹಿಡಿದಿರುತ್ತಿದ್ದರು, ಬಿಸಿ ಬಾಣಲೆಯ ಅಂಚಿಗೆ ಎಲ್ಲಿ ತಾಕೀತೋ ಎನ್ನುವ ಹಾಗೆ. ಮನಸ್ಸು ಒಪ್ಪುವ ತನಕ ಆ ಬೆರಳು ಕೆಳಗಿಳಿಯುತ್ತಿರಲಿಲ್ಲ.

ಬೆರಳಿಳಿಸುವುದೇ ನಮ್ಮ ಉದ್ಯೋಗವಾಗಿದ್ದರಿಂದ ಇದು ಗಂಭೀರ ವಿಚಾರ. ಒಂದು ಧರ್ಮಾರ್ಥ ಟ್ರಸ್ಟಿಗೆ ಮೂರು ಆಸ್ಪತ್ರೆಗಳು: ಅಹಮದಾಬಾದಿನ ಚಾಂದ್‌ಖೇಡಾದಲ್ಲಿ, ಸೂರತ್ತಿನ ಪಾಂಡೇಸರಾದಲ್ಲಿ ಮತ್ತು ನಮ್ಮ ವಡೋದರಾದ ಫತೇಗಂಜಿನಲ್ಲಿ. ಒಂದೊಂದು ಕಡೆ ಒಂದೊಂದು ರೀತಿಯ ರೋಗಿಗಳ ದಾಖಲೆ. ಎಲ್ಲವನ್ನೂ ಒಂದೇ ತಂತ್ರಾಂಶಕ್ಕೆ ಸುರಿದಾಗ, ಮೂರೂ ಕಡೆ ಓಡಾಡಿದ ರೋಗಿ ಮೂವರಾಗಿ ಕಾಣಿಸಿಕೊಂಡ. ಆದ್ದರಿಂದ ಆ ತಂತ್ರಾಂಶ ಹಗಲಿಡೀ ಜೋಡಿಗಳನ್ನು ಹುಡುಕಿ, ‘ಇವರಿಬ್ಬರೂ ಒಬ್ಬರೇ ಇರಬಹುದು’ ಎಂದು ನಮ್ಮ ಮುಂದಿಡುತ್ತಿತ್ತು. ಜಾತಕ ಹೊಂದಿಸುವ ಜೋಯಿಸರ ಹಾಗೆ ಅಂಕವನ್ನೂ ಕೊಡುತ್ತಿತ್ತು. ಜೋಯಿಸರಿಗೆ ಮೂವತ್ತಾರು ಗುಣ ಸಾಕು, ಇದಕ್ಕೆ ನೂರು ಬೇಕು. ಕೆಳಗೆ ಮೂರು ಇಂಗ್ಲಿಷ್ ಗುಂಡಿಗಳು. ಮೇಡಂ ಅವಕ್ಕೆ ಕನ್ನಡದಲ್ಲಿ ನಾಮಕರಣ ಮಾಡಿದ್ದರು: ಕೂಡಿಸು, ಬಿಡಿಸು, ಇರಲಿ.

ಮೇಡಂ ಧಾರವಾಡದವರು. ಸಂಖ್ಯಾಶಾಸ್ತ್ರ ಓದಿದವರು. ಯಜಮಾನರ ಎಣ್ಣೆ ಕಂಪನಿಯ ನೌಕರಿಯ ಬೆನ್ನಿಗೆ ಗುಜರಾತಿಗೆ ಬಂದು, ತಾವೂ ಒಂದು ಸರ್ಕಾರಿ ಸಂಸ್ಥೆಯಲ್ಲಿ ದುಡಿದು ನಿವೃತ್ತರಾಗಿ, ಗುತ್ತಿಗೆಯ ಮೇಲೆ ಈ ವಿಭಾಗದ ಮುಖ್ಯಸ್ಥೆಯಾಗಿದ್ದರು. ನಾನು ಮೈಸೂರಿನವನು. ಪ್ರಯೋಗಾಲಯದ ನೌಕರಿಯಿಂದ ನಿವೃತ್ತನಾದ ಮೇಲೆ ಮನೆಯಲ್ಲಿ ಪಾತ್ರೆ ಜೋಡಿಸುವ ವಿಧಾನದ ಬಗ್ಗೆ ಸಲಹೆ ಕೊಡತೊಡಗಿದ್ದರಿಂದ ನನ್ನಾಕೆ ನನ್ನನ್ನು ಇಲ್ಲಿಗೆ ದಬ್ಬಿದಳು. ಕಚೇರಿಯಲ್ಲಿ ಉಳಿದವರೆಲ್ಲ ಮೇಡಂ ಹೆಸರಿಗೆ, ನಾವು ‘ಅಕ್ಕ’ ಎನ್ನುವ ಹಾಗೆ, ‘ಬೆನ್’ ಸೇರಿಸಿ ಕರೆಯುತ್ತಿದ್ದರು. ಅವರು ನನ್ನನ್ನು ಕರೆಯುತ್ತಿದ್ದದ್ದು ‘ಮೈಸೂರಿನವರ’ ಎಂದು. ಆ ಕರೆಯಲ್ಲಿ ಮರ್ಯಾದೆ ಎಷ್ಟು, ಕನಿಕರ ಎಷ್ಟು ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಯಂತ್ರದ ಅಂಕಗಳ ಬಗ್ಗೆ ಅವರಿಗೆ ತಿರಸ್ಕಾರವಿರಲಿಲ್ಲ. ಅದರ ನಿಯಮಗಳಲ್ಲಿ ಎಷ್ಟನ್ನೋ ಕಲಿಸಿದವರೇ ಅವರು. ನಮ್ಮಲ್ಲಿ ಅರ್ಧ ದೇಶ ಜೂನ್ ಒಂದರಂದು ಹುಟ್ಟಿದೆ, ಅದು ಶಾಲೆಗೆ ಸೇರಿಸುವಾಗ ಮೇಷ್ಟ್ರು ದಯಪಾಲಿಸಿದ ಜನ್ಮದಿನ, ಅದಕ್ಕೆ ಹೆಚ್ಚು ಬೆಲೆ ಕೊಡಬೇಡ ಎಂದು ಹೇಳಿಕೊಟ್ಟವರು ಅವರು. ಹಾಗಿದ್ದೂ ಒಮ್ಮೆ ಫತೇಗಂಜಿನ ಒಂದು ಉಡುಪಿ ಹೋಟೆಲಿನ ಇಡೀ ಸಿಬ್ಬಂದಿಯನ್ನು ಅದು ಒಬ್ಬನೇ ಮನುಷ್ಯ ಎಂದು ಸಾರಿತು. ಎಲ್ಲರೂ ಬರೆಸಿದ್ದದ್ದು ಹೋಟೆಲಿನ ಫೋನು, ಹೋಟೆಲಿನ ವಿಳಾಸ. ಹೆಸರುಗಳೋ, ಕರಾವಳಿಯ ದೇವರುಗಳ ನಾಲ್ಕಾರು ಹೆಸರುಗಳ ಆಚೆ ಹೋಗಿರಲಿಲ್ಲ. ಮೇಡಂ ಪರದೆಯನ್ನು ಬಹಳ ಹೊತ್ತು ನೋಡಿ ಹೇಳಿದರು: “ಇಂವ ಒಬ್ಬನಽ ದ್ವಾಸಿನೂ ಹೊಯ್ತಾನ, ಟೇಬಲ್ಲೂ ಒರಸ್ತಾನ, ಗಲ್ಲಾ ಮ್ಯಾಲೂ ಕೂಡ್ತಾನ. ಆ ಮಾಲಕರು ಪುಣ್ಯಾ ಮಾಡ್ಯಾರ.”

ಇನ್ನೊಮ್ಮೆ ಯಂತ್ರ ಹಿಡಿಯಲಾರದ ಜೋಡಿಯೊಂದನ್ನು ತಾವೇ ಹಿಡಿದರು. ಅದು ನಾನು. ಗುಜರಾತಿನ ಅರ್ಜಿಗೆ ಉಪನಾಮ ಬೇಕು, ನನಗೆ ಅದಿಲ್ಲ. ಒಂದು ಸಲ ಅಪ್ಪನ ಹೆಸರು ತುಂಬಿದ್ದೆ, ಇನ್ನೊಂದು ಸಲ ಊರಿನ ಹೆಸರು. ಆಸ್ಪತ್ರೆಯ ಮಟ್ಟಿಗೆ ನಾನು ಇಬ್ಬರಾಗಿ ಬಾಳುತ್ತಿದ್ದೆ.

“ಮೈಸೂರಿನವರ, ಇಬ್ಬರೊಳಗ ಒಬ್ಬರಿಗೆ ಸಕ್ಕರಿ ಜಡ್ಡ ಅದ. ಕ್ಯಾಂಟೀನಿನ್ಯಾಗ ಜಿಲೇಬಿ ತಿನ್ನಾವರು ಇನ್ನೊಬ್ಬರೇನ್ರಿ?”

ಅವರು ಬೇರೆಯವರು, ನನಗೂ ಅವರಿಗೂ ಮಾತಿಲ್ಲ ಎಂದೆ. ಮೇಡಂ ನಗಲಿಲ್ಲ. “ಕೂಡಸ್ಲೇನ್ರಿ?” ಎಂದು ಕೇಳಿ, ನಾನು ಹೂಂ ಎನ್ನುವ ತನಕ ಬೆರಳೆತ್ತಿಕೊಂಡೇ ಕೂತರು. ಪಕ್ಕದ ಕುರ್ಚಿಯಲ್ಲೇ ಇರುವವನನ್ನು, ಅದೂ ವಿಷಯ ಹಗಲಿನಷ್ಟು ಸ್ಪಷ್ಟವಿದ್ದಾಗ ಕೇಳುವುದೇಕೆ ಎಂದು ನನಗೆ ಆಗ ಅನ್ನಿಸಿತ್ತು.

ನಾನು ಹೇಳಬೇಕೆಂದಿರುವುದು ಇನ್ನೊಂದು ಜೋಡಿಯ ವಿಷಯ. ಗುರುತು ಸಿಗಬಹುದಾದದ್ದನ್ನೆಲ್ಲ ಬದಲಾಯಿಸಿಯೇ ಬರೆಯುತ್ತಿದ್ದೇನೆ. ಮೇಡಂ ಓದಿದ್ದರೂ ಯಾರಿದು ಎಂದು ಕೇಳಬೇಕು, ಹಾಗೆ.

ದೀಪಾವಳಿ ಮುಗಿದು, ಗುಜರಾತಿಗಳು ಹೊಸ ವ್ಯವಹಾರ ಶುರುಮಾಡುವ ಲಾಭಪಂಚಮಿಯಂದು ಹೊಸ ವ್ಯವಸ್ಥೆಯ ಉದ್ಘಾಟನೆ ಎಂದು ಟ್ರಸ್ಟು ನಿಶ್ಚಯಿಸಿತ್ತು. ‘ಒಬ್ಬ ರೋಗಿ, ಒಂದು ದಾಖಲೆ’ ಎಂಬ ಬ್ಯಾನರು ಮುದ್ರಣವಾಗಿ ಬಂದಿತ್ತು. ಜೋಡಿಗಳು ಮಾತ್ರ ರಾಶಿ ಬಿದ್ದಿದ್ದವು. ನಮ್ಮ ಮ್ಯಾನೇಜರು ಒಳ್ಳೆಯ ಹುಡುಗ, ಅಹಮದಾಬಾದಿನವನು. ಅಂಕ ತೊಂಬತ್ತು ದಾಟಿದ ಜೋಡಿಗಳನ್ನೆಲ್ಲ ಒಂದೇ ಏಟಿಗೆ ಕೂಡಿಸಿಬಿಡೋಣ ಎಂದು ಅವನ ಯೋಜನೆ. ತಪ್ಪಾದರೆ ಎಂದರೆ ‘ಚಾಲಶೇ’ ಎನ್ನುತ್ತಿದ್ದ. ನಡೆಯುತ್ತದೆ ಬಿಡಿ ಎಂದರ್ಥ. ಗುಜರಾತಿನ ಅರ್ಧ ವ್ಯಾಪಾರ ನಿಂತಿರುವುದು ಆ ಮಾತಿನ ಮೇಲೆ. ನಾನು ಅದನ್ನು ಹಗುರವಾಗಿ ಕಾಣುವವನಲ್ಲ.

ಆ ವಾರದ ಒಂದು ಬೆಳಿಗ್ಗೆ ಪರದೆಯ ಮೇಲೆ ಒಬ್ಬ ಹೆಣ್ಣುಮಗಳು ಎರಡಾಗಿ ಬಂದಳು. ಗುಜರಾತಿನಲ್ಲಿ ಹೆಂಗಸರ ಹೆಸರಿನ ನಡುವೆ ಮದುವೆಗೆ ಮುಂಚೆ ಅಪ್ಪನ ಹೆಸರು, ಆಮೇಲೆ ಗಂಡನ ಹೆಸರು ಇರುತ್ತದೆ. ಉಪನಾಮವೂ ಬದಲಾಗುತ್ತದೆ. ಹೀಗೆ ಹೆಸರು ಬದಲಾದವರನ್ನು ಗುರುತಿಸಲು ಮೇಡಂ ಯಂತ್ರಕ್ಕೆ ಕಲಿಸಿದ್ದರು, ಅದು ನಿಷ್ಠೆಯಿಂದ ಗುರುತಿಸಿತ್ತು. ಹುಟ್ಟಿದ ದಿನ ಒಂದೇ, ಅಪರೂಪದ ರಕ್ತದ ಗುಂಪು ಒಂದೇ, ಹೊಟ್ಟೆಯ ಮೇಲಿನ ಹಳೆಯ ಗಾಯದ ಗುರುತೂ ಒಂದೇ. ಅಂಕ ನೂರಕ್ಕೆ ತುಸು ಕಡಿಮೆ. ಕೂಡಿಸಿ ಎಂದೆ. ಬೆರಳು ಇಳಿಯಲಿಲ್ಲ.

“ಈಕಿ ಹಿಂದಕ್ಕ ನಡದಾಳ ನೋಡ್ರಿ,” ಎಂದರು ಮೇಡಂ.

ನನಗೆ ತಿಳಿಯಲಿಲ್ಲ. ಅವರು ದಿನಾಂಕಗಳ ಮೇಲೆ ಬೆರಳಿಟ್ಟು ತೋರಿಸಿದರು. ಗಂಡನ ಹೆಸರಿರುವ ಪಾಂಡೇಸರಾದ ದಾಖಲೆ ಹಳೆಯದು. ಅಪ್ಪನ ಹೆಸರಿರುವ ಫತೇಗಂಜಿನ ದಾಖಲೆ ಹೊಸದು. “ಎಲ್ಲಾರೂ ಅಪ್ಪನ ಹೆಸರಿನಿಂದ ಗಂಡನ ಹೆಸರಿಗೆ ಹೋಗ್ತಾರ. ಈಕಿ ಹೊಳ್ಳಿ ಬಂದಾಳ. ಊರು ಬಿಟ್ಟಾಳ, ನಂಬರ್ ಬದಲಿ ಮಾಡ್ಯಾಳ, ಹಾಸ್ಟೆಲಿನ್ಯಾಗ ಅದಾಳ. ಸುಮ್ಮನ ಬಂದಿರ್ತಾಳೇನ್ರಿ?”

ಕೂಡಿಸಿದರೆ ಏನಾಗುತ್ತದೆ ಎಂದು ಆಗ ನನಗೆ ಹೊಳೆಯಿತು. ಕೂಡಿದ ದಾಖಲೆಯಲ್ಲಿ ಎರಡೂ ಫೋನ್ ನಂಬರುಗಳು ಉಳಿಯುತ್ತವೆ, ಆಸ್ಪತ್ರೆಯ ಸಂದೇಶ ಎರಡಕ್ಕೂ ಹೋಗುತ್ತದೆ. ಮುಂದಿನ ವಾರವೇ ಆಕೆಗೆ ನಮ್ಮಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಇತ್ತು. ಯಾವ ಊರು, ಯಾವ ದಿನ, ಯಾವ ವಾರ್ಡು ಎಂಬ ಸಂದೇಶ, ಆಕೆ ಬಿಟ್ಟುಬಂದ ಮನೆಯ ಫೋನಿನಲ್ಲಿ ಟಿಂಗ್ ಎನ್ನುತ್ತಿತ್ತು.

ಹಾಗಾದರೆ ಬಿಡಿಸಿಬಿಡಿ, ಮುಗಿಯಿತು ಎಂದೆ. ಮೇಡಂ ಪಾಂಡೇಸರಾದ ದಾಖಲೆಯನ್ನು ಕೆಳಕ್ಕೆ ಸರಿಸಿದರು. ಕೆಂಪಕ್ಷರದಲ್ಲಿ ಒಂದು ಟಿಪ್ಪಣಿ: ಹಿಂದಿನ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆಯ ಮದ್ದು ಒಗ್ಗದೆ ಉಸಿರು ನಿಂತಿತ್ತು. ಫತೇಗಂಜಿನ ದಾಖಲೆಯಲ್ಲಿ ‘ಹಿಂದಿನ ತೊಂದರೆ’ ಎಂಬಲ್ಲಿ ‘ಇಲ್ಲ’ ಎಂದಿತ್ತು. ಇದೆ ಎಂದರೆ ಎಲ್ಲಿ ಎಂದು ಕೇಳುತ್ತಾರಲ್ಲ. ಆಕೆ ಸೂರತ್ತಿನ ಹೆಸರನ್ನೇ ಎತ್ತಿರಲಿಲ್ಲ.

ಕೂಡಿಸಿದರೆ ಠಿಕಾಣಿ ಬಯಲು, ಬಿಡಿಸಿದರೆ ಜೀವಕ್ಕೆ ಅಪಾಯ. ಮ್ಯಾನೇಜರ್ ಹುಡುಗ ಬಂದು, ಉದ್ಘಾಟನೆ ಮುಗಿಯುವ ತನಕ ಮೂರನೆಯ ಗುಂಡಿ, ‘ಇರಲಿ’, ಒತ್ತಿ ಎಂದ. ಇಷ್ಟು ದಿನ ಆ ಗುಂಡಿಯನ್ನು ನಮ್ಮೆಲ್ಲರಿಗಿಂತ ಹೆಚ್ಚು ಪ್ರೀತಿಸಿದವರು ಮೇಡಂ. ಅವತ್ತು ಮಾತ್ರ, ಆಪರೇಷನ್ನು ನಿಮ್ಮ ಉದ್ಘಾಟನೆಗಾಗಿ ಕಾಯುವುದಿಲ್ಲವಪ್ಪ ಎಂದು ಅವನಿಗೆ ಹೇಳಿ ಫೋನು ಕೈಗೆತ್ತಿಕೊಂಡರು.

ಆಕೆಯ ಹೊಸ ನಂಬರಿಗೇ ಮಾಡಿದರು. ಸೂರತ್ ಎಂಬ ಪದ ಕೇಳುತ್ತಲೇ ಆ ಕಡೆಯಿಂದ ಫೋನು ಕಡಿದುಹೋಯಿತು. ಮೇಡಂ ಮತ್ತೆ ಮಾಡಲಿಲ್ಲ. ಹೆದರಿದವರ ಬೆನ್ನು ಹತ್ತಬಾರದು ಎಂದರು. ತಮ್ಮ ಹೆಸರು, ಕೆಲಸ, ಆಸ್ಪತ್ರೆಗೆ ಫೋನು ಮಾಡಿ ತಮ್ಮನ್ನು ಕೇಳಬಹುದೆಂಬ ಮಾತು, ಇಷ್ಟನ್ನು ಸಂದೇಶ ಕಳಿಸಿ ಕಾದರು. ಊಟಕ್ಕೆ ಏಳಲಿಲ್ಲ. ನಾನು ತಂದಿಟ್ಟ ಚಹಾ ಕೆನೆಗಟ್ಟಿತು. ಮಧ್ಯಾಹ್ನ ಕಳೆದ ಮೇಲೆ ಕರೆ ಬಂತು. ನನಗೆ ಕೇಳಿಸಿದ್ದು ಮೇಡಂ ಗುಜರಾತಿಯಲ್ಲಿ ಆಡಿದ ಮಾತು ಮಾತ್ರ. ಯಾರೂ ನಿಮ್ಮ ವಿಷಯ ಹೇಳಿಲ್ಲ ಬೆನ್, ಇವರಿಬ್ಬರೂ ಒಬ್ಬರೇನಾ ಎಂದು ಯಂತ್ರ ಕೇಳಿತು, ಉತ್ತರ ನಿಮ್ಮದು ಎಂದರು. ಮದ್ದಿನ ವಿಷಯ ಮಾತ್ರ ಡಾಕ್ಟರಿಗೆ ತಿಳಿಯಲೇಬೇಕು, ನೀವೇ ಹೇಳಿ, ಇಲ್ಲ ನನಗೆ ಹೇಳಲು ಬಿಡಿ ಎಂದರು. ಆಮೇಲೆ ಆ ಕಡೆಯ ಮಾತನ್ನು ಕೊನೆಯ ತನಕ ಕೇಳಿದರು.

ಫೋನಿಟ್ಟು ನನಗೆ ಹೇಳಿದ್ದು ಇಷ್ಟೇ: “ಕೂಡಸ್ರಿ ಅಂದಾಳ. ಆ ಹಳೇ ನಂಬರ್ ಗಂಡಂದು. ಅಲ್ಲಿಗೆ ಏನೂ ಹೋಗಬಾರದು. ಅಷ್ಟು ಸಾಕು ನಮಗ, ಉಳಿದದ್ದು ಆಕೀದು.”

ತಂತ್ರಾಂಶದ ಕಂಪನಿಯವರನ್ನು ಹಿಡಿದು ಕೂರಿಸಿ, ಆ ಜೋಡಿಯನ್ನು ಕೈಯಾರೆ ಕೂಡಿಸಲಾಯಿತು. ಕೆಂಪು ಟಿಪ್ಪಣಿ ಉಳಿಯಿತು, ಹಳೆಯ ನಂಬರು ಹೋಯಿತು. ಆಕೆಯ ವಿಳಾಸ ಪಾಂಡೇಸರಾದ ಕೌಂಟರಿಗೆ ಕಾಣದಂತಾಯಿತು. ಅಲ್ಲಿಗೆ ಮುಗಿಸಿದ್ದರೆ ಮ್ಯಾನೇಜರಿಗೂ ಸುಖವಿತ್ತು. ಮೇಡಂ ಎದ್ದು ಅವನ ಕೋಣೆಗೆ ಹೋಗಿ, ಒಂದೇ ಏಟಿಗೆ ಕೂಡಿಸುವ ಯೋಜನೆಯನ್ನೇ ನಿಲ್ಲಿಸಿ ಎಂದರು. ಹೀಗೆ ಹಿಂದಕ್ಕೆ ನಡೆದವರು ಈಕೆ ಒಬ್ಬಳೇ ಇರುತ್ತಾಳೆಯೆ? ಅಂಥವರನ್ನು ಬೇರೆ ತೆಗೆದು ಒಬ್ಬೊಬ್ಬರನ್ನೇ ಕೇಳಬೇಕು. ಹುಡುಗ ತಲೆ ಹಿಡಿದುಕೊಂಡ. ಟ್ರಸ್ಟಿಗಳಿಗೆ ಹೇಳುವವರು ಯಾರು? ನಾನೇ ಹೇಳುತ್ತೇನೆ ಎಂದರು ಮೇಡಂ, ಹೇಳಿಯೂ ಹೇಳಿದರು. ಎಷ್ಟು ದಿನ ಬೇಕು ಎಂದು ಒಬ್ಬ ಹಿರಿಯ ಟ್ರಸ್ಟಿ ಕೇಳಿದಾಗ, ಕೇಳಿ ಮುಗಿಯುವ ತನಕ ಎಂದರಂತೆ. ಲಾಭಪಂಚಮಿ ಬಂತು, ಹೋಯಿತು. ಬ್ಯಾನರು ಸುರುಳಿ ಸುತ್ತಿಕೊಂಡು ಬೀರುವಿನ ಹಿಂದೆ ವಿಶ್ರಾಂತಿ ಪಡೆಯಿತು.

ಬೇರೆ ಮದ್ದು ಕೊಟ್ಟು ಮಾಡಿದ ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು. ಅದಾಗಿ ಕೆಲವು ವಾರಕ್ಕೆ ಪಾಂಡೇಸರಾದ ಕೌಂಟರಿನಿಂದ ಫೋನು ಬಂತು. ಒಬ್ಬ ಗೃಹಸ್ಥರು ಬಂದು ನಿಂತಿದ್ದಾರೆ, ಹೆಂಡತಿಯ ದಾಖಲೆಯಲ್ಲಿ ಈಗಿರುವ ನಂಬರು ಕೇಳುತ್ತಿದ್ದಾರೆ, ತುಂಬ ಮರ್ಯಾದಸ್ಥರು, ಏನು ಹೇಳಲಿ ಎಂದು. ಮೇಡಂ ಶಾಂತವಾಗಿ, ಅವರ ಹೆಂಡತಿಯೇ ಬಂದು ಕೇಳಿದರೆ ಕೊಡೋಣ ಎಂದು ಹೇಳಿ ಎಂದರು. ಫೋನಿಟ್ಟ ಮೇಲೆ ಕನ್ನಡಕ ಒರೆಸಲು ತೊಡಗಿ ಮೂಗಿನ ಮೇಲಿನದನ್ನು ಬಿಟ್ಟು ನೆತ್ತಿಯ ಮೇಲಿನದನ್ನು ಒರೆಸಿದರು. “ಹಿಂದಕ್ಕ ನಡದವರನ್ನೂ ಹಿಡಿ ಅಂತ ಆ ಯಂತ್ರಕ್ಕ ಕಲಿಸಿದಾಕಿ ನಾನಽ ಅಲ್ರೀ,” ಎಂದರು.

ಮರುವರ್ಷ ಟ್ರಸ್ಟು ಅವರಿಗೆ ಶಾಲು ಹೊದಿಸಿತು. ಗುತ್ತಿಗೆ ಮುಂದುವರಿಸುವುದಿಲ್ಲ ಎಂದು ತಿಳಿಸಲು ಇದಕ್ಕಿಂತ ಬೆಚ್ಚನೆಯ ವಿಧಾನ ಇನ್ನೂ ಹುಟ್ಟಿಲ್ಲ. ಚಾಂದ್‌ಖೇಡಾಕ್ಕೆ ಮಗಳ ಮನೆಗೆ ಹೊರಟರು. ಹೋಗುವ ಮುನ್ನ ತಂತ್ರಾಂಶದವರಿಂದ ಒಂದು ಚಿಕ್ಕ ಚೌಕ ಹಾಕಿಸಿದ್ದರು: ‘ರೋಗಿಯನ್ನು ಕೇಳಲಾಗಿದೆ’. ಅದಕ್ಕೆ ಗುರುತು ಹಾಕದೆ ಹಿಂದಕ್ಕೆ ನಡೆದವರ ಜೋಡಿಗಳು ಕೂಡುವುದಿಲ್ಲ. ಈಗ ಅವರ ಕುರ್ಚಿಯಲ್ಲಿ ನಾನಿದ್ದೇನೆ. ಹೊಸದಾಗಿ ಬಂದವರು ಆ ಚೌಕವನ್ನು ಇಟ್ಟ ಪುಣ್ಯಾತ್ಮರನ್ನು ದಿನಕ್ಕೊಮ್ಮೆಯಾದರೂ ನೆನೆಯುತ್ತಾರೆ, ಒಳ್ಳೆಯ ಮಾತುಗಳಲ್ಲಿ ಅಲ್ಲ. ಕಂಪನಿಯವರದೇ ಕಿತಾಪತಿ ಎಂದು ಅವರ ನಂಬಿಕೆ. ನಾನು ತಿದ್ದಿಲ್ಲ.

ಹೋದ ಚಳಿಗಾಲದಲ್ಲಿ ಮೇಡಂ ನಿದ್ದೆಯಲ್ಲೇ ತೀರಿಕೊಂಡರು. ಮಗಳು ಫೋನಿನಲ್ಲಿ ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಅಳುತ್ತ ಹೇಳಿದಳು. ಗೊತ್ತಿದ್ದವರಿಗೆಲ್ಲ ನೀವೇ ತಿಳಿಸಿ ಅಂಕಲ್ ಎಂದಳು. ಕೂತು ಒಬ್ಬೊಬ್ಬರಿಗೇ ಫೋನು ಮಾಡಿದೆ. ಮ್ಯಾನೇಜರ್ ಹುಡುಗ ಈಗ ಬೇರೆ ಕಡೆ ದೊಡ್ಡ ಹುದ್ದೆಯಲ್ಲಿದ್ದಾನೆ. ಒಂದೇ ಏಟಿಗೆ ಕೂಡಿಸಲು ಹೊರಟವನ ಕೈಯನ್ನು ಬೆನ್ ಹಿಡಿದು ನಿಲ್ಲಿಸಿದರು ಎಂದಷ್ಟೇ ಹೇಳಿದ.

ಕೊನೆಗೆ ಒಂದು ಹೆಸರು ಉಳಿಯಿತು. ಅಪ್ಪನ ಹೆಸರಿನ ಆ ಹೆಣ್ಣುಮಗಳು. ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತಾಳೆ, ಕೌಂಟರಿನ ಮುಂದೆ ಸಾಲಿನಲ್ಲಿ ನಿಲ್ಲುತ್ತಾಳೆ. ಫೋನಿನ ಆ ದನಿ ಈಗ ಇಲ್ಲವೆಂದು ತಿಳಿಯಬೇಕಾದವರಲ್ಲಿ ಆಕೆ ಮೊದಲನೆಯವಳು. ದಾಖಲೆ ತೆರೆದೆ, ನಂಬರು ಕಣ್ಣೆದುರಿಗಿತ್ತು. ಬಹಳ ಹೊತ್ತು ನೋಡಿದೆ. ಆಕೆ ಅದನ್ನು ಕೊಟ್ಟದ್ದು ಚಿಕಿತ್ಸೆಗಾಗಿ. ನನ್ನ ದುಃಖ ಹೇಳಿಕೊಳ್ಳುವುದಕ್ಕೆ ಬಳಸಲೇ ಎಂದು ಯಾರೂ ಆಕೆಯನ್ನು ಕೇಳಿರಲಿಲ್ಲ.

ದಾಖಲೆ ಮುಚ್ಚಿದೆ.