ವರ್ನಾಳ ಎರಡನೇ ಸೀಸೆ

ಸಾಲ್ಮನ್ ಹೊಳೆಯಲ್ಲಿ ಮೂವತ್ತು ಬೇಸಿಗೆ ಚಿನ್ನ ಹುಡುಕಿದ ಡೆಲ್ಬರ್ಟನಿಗೆ, ಪಕ್ಕದ ವರ್ನಾಳ ಪುಟ್ಟ ಸೀಸೆ ಕಂಡರೆ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗುತ್ತಿತ್ತು. ಆ ಹೆಂಗಸಿನ ಮರಳು ಹೀರುವ ಯಂತ್ರವೋ, ಟೈರಿನ ಟ್ಯೂಬುಗಳ ಮೇಲೆ ಕೂರಿಸಿದ ಬಡಕಲು ಪಂಪು. ಆದರೂ ಸೀಸೆಯಲ್ಲಿ ಹಿಟ್ಟಿನಂಥ ಚಿನ್ನ ದಿನಾ ಏರುತ್ತಿತ್ತು.

ಹಲ್ಲು ಕಡಿಯುತ್ತಾ ಡೆಲ್ಬರ್ಟ್ ಅವಳದರ ಎರಡರಷ್ಟು ದೊಡ್ಡ ಯಂತ್ರ ತಂದ. ಎಲ್ಲ ತನಗೇ ಮೊದಲು ಸಿಗಲೆಂದು ಹೊಳೆಯಲ್ಲಿ ಅವಳಿಗಿಂತ ಮೇಲ್ಗಡೆ ಕಟ್ಟಿದ. ಮರಳು ಬೇಗ ಹರಿದುಹೋಗಲೆಂದು, ಚಿನ್ನ ಹಿಡಿಯುವ ಚಾಪೆ ಹಾಸಿದ ತೊಟ್ಟಿಯನ್ನು ಕಡಿದಾಗಿ ಇಳಿಬಿಟ್ಟ.

ವಾರವಿಡೀ ಯಂತ್ರ ಗುಡುಗಿತು. ಚಾಪೆ ತೊಳೆದರೆ ಬರೀ ಕರಿಮರಳು! ಕೆಳಗೆ ವರ್ನಾ ಎರಡನೇ ಸೀಸೆಯ ಮುಚ್ಚಳ ತೆಗೆಯುತ್ತಿದ್ದಳು.

"ಏನೇ ಮಾಟ ಮಾಡಿದೀಯ?" ಎಂದು ದಡದಿಂದಲೇ ಗುರುಗುಟ್ಟಿದ.

"ಮಾಟ ಎಂಥದ್ದೋ ಮಾರಾಯ! ನನ್ನ ತೊಟ್ಟಿ ಹೆಚ್ಚುಕಮ್ಮಿ ಮಟ್ಟಸವಾಗಿದೆ, ನಿಂದು ಜಾರುಬಂಡೆ. ಹಿಟ್ಟಿನಂಥ ಚಿನ್ನ ಅದರಲ್ಲಿ ನಿಲ್ಲುತ್ತಾ? ನೀನು ಮೇಲಿಂದ ಬಿಟ್ಟಿದ್ದನ್ನೇ ನಾನು ಇಲ್ಲಿ ಕೂತು ಹೀರ್ತಿದ್ದೀನಿ."

ಡೆಲ್ಬರ್ಟ್ ತಿರುಗಿ ತನ್ನ ತೊಟ್ಟಿಯ ಇಳಿಜಾರು ನೋಡಿದ. ವರ್ನಾ ಡಬ್ಬಿಯೊಂದನ್ನು ಅವನತ್ತ ಚಾಚಿದಳು.

"ಪೆಟ್ರೋಲು, ನಿನ್ನ ಯಂತ್ರಕ್ಕೆ. ನಾಳೆ ಸ್ವಲ್ಪ ಬೇಗ ಶುರು ಮಾಡು."