ತಪ್ಪಾದಾಗ ಮಾತ್ರ ನನ್ನ ಹೆಸರು

ಕಳೆದ ಮಂಗಳವಾರ ಬೆಳಿಗ್ಗೆ ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಿ ಇನ್ನೂ ಸರಿಯಾಗಿ ಕಾಲೂರಿರಲಿಲ್ಲ, ಫೋನ್ ಬಂತು. ಉಲ್ಹಾಸನಗರದ ಜೀನ್ಸ್ ವ್ಯಾಪಾರಿ, ನಮ್ಮ ಆಫೀಸಿನ ಹಳೆಯ ಗಿರಾಕಿ. "ನಮ್ಮ ಮಾಲು ತಪ್ಪು ಬಂದರಿಗೆ ಕಳಿಸಿದವರು ನೀವೇ ಏನು?" ಎಂದು ಹಿಂದಿಯಲ್ಲಿ ಕೇಳಿದರು.

"ಆಫೀಸಿಗೆ ಹೋಗಿ ಹೇಳ್ತೇನೆ" ಅಂದೆ. ಆದರೆ ನನ್ನ ಹೆಸರು, ನಂಬರ್ ಅವರಿಗೆ ಸಿಕ್ಕಿದ್ದು ಹೇಗೆ? ನಮ್ಮಲ್ಲಿ ಯಾರ ಮೇಲ್ ಕೆಳಗೂ ಹೆಸರೇ ಇರುವುದಿಲ್ಲವಲ್ಲ.

ನಮ್ಮದು ನವಿ ಮುಂಬೈಯ ಸರಕು ಸಾಗಣೆ ಆಫೀಸು. ರಫ್ತಿನ ಕಾಗದಪತ್ರ ಮಾಡುವವಳು ನಾನು. ಕೆಲವು ವರ್ಷಗಳ ಹಿಂದೆ ಮ್ಯಾನೇಜರ್ ಪ್ರಭಾಕರ್ (ಉಡುಪಿ ಕಡೆಯವರು, ಮಾತು ಬಲು ಮೃದು) ಎಲ್ಲರ ಇಮೇಲ್ ಸಿಗ್ನೇಚರ್ ತೆಗೆಸಿದರು. ಹೆಸರಿನ ಜಾಗದಲ್ಲಿ 'ಟೀಮ್ ಡಾಕ್ಯುಮೆಂಟೇಶನ್' ಬಂತು. "ಇಲ್ಲಿ ದೊಡ್ಡವರು ಸಣ್ಣವರು ಅಂತ ಇಲ್ಲ ಮೇಡಂ, ನಾವೆಲ್ಲ ಒಂದೇ ಟೀಮ್" ಅಂದರು. ಅವರ ಮೇಲ್ ಕೆಳಗೆ ಮಾತ್ರ ಹೆಸರು, ಹುದ್ದೆ, ಎರಡು ನಂಬರ್ ಹಾಗೇ ಉಳಿದವು. (ನಗುವ ಫೋಟೊ ಕೂಡ.)

ಗಿರಾಕಿಗಳು 'ಥ್ಯಾಂಕ್ಯೂ ಟೀಮ್' ಎಂದು ಬರೆಯುತ್ತಿದ್ದರು. ಮೀಟಿಂಗಿನಲ್ಲಿ ಆ ಥ್ಯಾಂಕ್ಯೂ ಯಾರ ಪಾಲಿಗೆ ಹೋಗುತ್ತಿತ್ತು ಎಂದು ಬೇರೆ ಹೇಳಬೇಕೆ?

ಈ ಸಲ ಕಾಗದದಲ್ಲಿ ಬಂದರಿನ ಹೆಸರು ಬದಲಿಸಲು ಹೇಳಿದವರು ಪ್ರಭಾಕರರೇ. ಗಿರಾಕಿ ಕೊಟ್ಟಿರುವುದು ಬೇರೆ ಎಂದೆ. "ನಾನು ಮಾತಾಡಿದ್ದೇನೆ, ನೀವು ಹಾಕಿ" ಅಂದರು. ಹಾಕಿದೆ. ಮಾಲು ಎಲ್ಲೋ ಹೋಗಿ ಇಳಿಯಿತು. ಮಂಗಳವಾರ ಆಫೀಸಿಗೆ ಹೋಗಿ ನೋಡಿದರೆ, ಸೋಮವಾರ ಸಂಜೆಯೇ ನನ್ನನ್ನು ಕೇಳದೆ ಅವರಿಂದ ಗಿರಾಕಿಗೆ ಕ್ಷಮೆಯ ಮೇಲ್ ಹೋಗಿತ್ತು. ಕೆಳಗೆ ನನ್ನ ಪೂರ್ತಿ ಹೆಸರು, ಹುದ್ದೆ, ಮನೆಯವರಿಗಷ್ಟೇ ಕೊಡುವ ಮೊಬೈಲ್ ನಂಬರ್.

ನೇರ ಅವರ ಕ್ಯಾಬಿನ್‌ಗೆ ಹೋದೆ.

"ಬೇಜಾರು ಮಾಡ್ಬೇಡಿ ಮಾರಾಯ್ರೆ. ಗಿರಾಕಿಯ ಸಮಾಧಾನಕ್ಕೆ ಒಂದು ಹೆಸರು ಬೇಕಿತ್ತು. ಬರೀ ಸಿಗ್ನೇಚರ್ ಅಲ್ವಾ?"

"ಬರೀ ಸಿಗ್ನೇಚರ್ ಆದ್ರೆ ನಿಮ್ಮದೇ ಹಾಕ್ಬಹುದಿತ್ತಲ್ಲ ಸರ್?"

ಅವರು ಏಸಿಯ ರಿಮೋಟ್ ಹುಡುಕತೊಡಗಿದರು.

ಸೀಟಿಗೆ ಬಂದು ವ್ಯಾಪಾರಿಗೆ ಮೇಲ್ ಬರೆದೆ. ಬಂದರು ಬದಲಿಸಲು ಹೇಳಿದವರು ಯಾರು, ನಾನು ಹೇಳಿದ್ದೇನು, ನಡೆದದ್ದಷ್ಟನ್ನೇ. ನಿಮ್ಮ ಪೇಪರ್ ಮಾಡುವವಳು ನಾನೊಬ್ಬಳೇ ಎಂದೂ ಸೇರಿಸಿದೆ. ಪ್ರಭಾಕರರಿಗೂ ಅವರ ಮೇಲಿನವರಿಗೂ ಕಾಪಿ ಹಾಕಿದೆ. ಈ ವಯಸ್ಸಿನಲ್ಲಿ ಕೆಲಸ ಹೋದರೆ ಇನ್ನೊಂದು ಯಾರು ಕೊಡುತ್ತಾರೆ? ಆದರೂ ಸಿಗ್ನೇಚರ್‌ನಲ್ಲಿ 'ಟೀಮ್' ಅಳಿಸಿ ನನ್ನ ಹೆಸರು ಹಾಕಿ ಸೆಂಡ್ ಒತ್ತಿದೆ.

ಮಧ್ಯಾಹ್ನ ವ್ಯಾಪಾರಿ ಮತ್ತೆ ಫೋನ್ ಮಾಡಿದರು. ಬೈಗುಳಕ್ಕೆ ಸಿದ್ಧಳಾಗಿದ್ದೆ. "ಇಷ್ಟು ವರ್ಷ ನಮ್ಮ ಪೇಪರೆಲ್ಲ ಮಾಡಿದ್ದು ನೀವೊಬ್ಬರೇನಾ? ನಾನು ದೊಡ್ಡ ಟೀಮ್ ಇರಬೇಕು ಅಂದ್ಕೊಂಡಿದ್ದೆ" ಅಂದರು. ಇನ್ನು ಮುಂದೆ ನನ್ನ ಜೊತೆಯೇ ಮಾತಾಡುತ್ತಾರಂತೆ. ಮಾಲನ್ನು ಸರಿಯಾದ ಬಂದರಿಗೆ ತಿರುಗಿಸುವ ಕೆಲಸ ಈಗ ನಡೆದಿದೆ. ನನ್ನ ಕೆಲಸವೂ ಸದ್ಯಕ್ಕೆ ಉಳಿದಿದೆ.

ಮರುದಿನ ಕಂಪ್ಯೂಟರ್ ತೆರೆದರೆ ನನ್ನ ಸಿಗ್ನೇಚರ್ ಮಾಯ. ಮತ್ತೆ 'ಟೀಮ್'. ಈಗ ಪ್ರತಿ ಮೇಲ್ ಕೆಳಗೂ ನಾನೇ ಹೆಸರು ಟೈಪ್ ಮಾಡುತ್ತೇನೆ. ಅದಕ್ಕೂ ಪ್ರಭಾಕರರಿಂದ ಮೆಮೊ ಬಂದಿದೆ, ಪಾಲಿಸಿಗೆ ವಿರುದ್ಧವಂತೆ.

ಮನೆಯಲ್ಲಿ ಹೇಳಿದರೆ ಮಗಳು ನಕ್ಕಳು. "ಮಮ್ಮಿ, ಸಿಗ್ನೇಚರ್ ಪಢ್‌ತಾ ಕೌನ್ ಹೈ?"

ಯಾರೂ ಓದುವುದಿಲ್ಲ ಎಂದೇ ಇಟ್ಟುಕೊಳ್ಳೋಣ. ಹಾಗಾದರೆ ಅದನ್ನು ಅಳಿಸಲು ಇಷ್ಟೊಂದು ಆತುರ ಯಾಕೆ?